ಹದ ಕೆಡದ ತುದಿ

ನನ್ನ ಶೆಡ್ಡಿನ ಕಿಟಕಿಯ ಕಟ್ಟೆಯ ಮೇಲೆ ಬೆರಳುದ್ದದ ಒಂದು ಉಕ್ಕಿನ ತುಂಡು ಮೂರು ವರ್ಷಗಳಿಂದ ಕುಳಿತಿದೆ. ಅದರ ಮೈ ಕನ್ನಡಿಯಂತೆ ಹೊಳೆಯುತ್ತದೆ, ಒಂದು ತುದಿ ಮಾತ್ರ ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿದೆ. ತೀರ ತುದಿಯಲ್ಲಿ ಕಡುನೀಲಿ, ಅದರ ಹಿಂದೆ ನೇರಳೆ, ಆಮೇಲೆ ಕಂದು, ಕೊನೆಗೆ ಒಣಹುಲ್ಲಿನ ತಿಳಿಹಳದಿ. ಶೆಡ್ಡಿಗೆ ಬಂದವರು ಅದನ್ನು ಕೈಗೆತ್ತಿಕೊಂಡು ಚೆನ್ನಾಗಿದೆ ಎನ್ನುತ್ತಾರೆ. ಅದು ನಾನು ಹದಗೆಡಿಸಿದ ಮೊದಲ ಸರಳಿನ ತುದಿ. ಗಟ್ಟಿ ಮಾಡಿದ ಉಕ್ಕನ್ನು ಮನೆಯಲ್ಲಿ ತುಂಡರಿಸುವಾಗ ಏನೇನು ತಪ್ಪಬಹುದೋ ಅದರಲ್ಲಿ ಬಹುಪಾಲು ಆ ಒಂದೇ ತುಂಡಿನಲ್ಲಿ ಇರುವುದರಿಂದ ಅದನ್ನು ಎಸೆಯದೆ ಇಟ್ಟುಕೊಂಡಿದ್ದೇನೆ.

ಆಗ ನಾನು ಸರ್ಕ್ಯೂಟ್ ಬೋರ್ಡುಗಳಿಗೆ ರಂಧ್ರ ಕೊರೆಯುವ ಸಣ್ಣ ಯಂತ್ರವೊಂದನ್ನು ಕಟ್ಟುತ್ತಿದ್ದೆ. ಕೊರೆಯುವ ಮೋಟಾರು ಮೇಲೆ ಕೆಳಗೆ ನೇರವಾಗಿ ಜಾರಬೇಕಾದರೆ ಎರಡು ಸರಳುಗಳು ಬೇಕು, ಆ ಸರಳುಗಳ ಮೇಲೆ ಓಡಾಡುವ ಗುಂಡುಗಳ ಬೇರಿಂಗುಗಳು ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 12 ಮಿ.ಮೀ. ದಪ್ಪದ, ಒಂದು ಮೀಟರ್ ಉದ್ದದ ಸರಳನ್ನು ಕೊಂಡು, ಬಸ್ಸಿನಲ್ಲಿ ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಮೈಸೂರಿಗೆ ತಂದೆ. ಅದರಿಂದ 400 ಮಿ.ಮೀ.ನ ಎರಡು ತುಂಡು ತೆಗೆಯಬೇಕಿತ್ತು. ಮರ ಕುಯ್ದ, ಕಬ್ಬಿಣದ ಪಟ್ಟಿ ಕುಯ್ದ ಅನುಭವವಿತ್ತು. ಆದ್ದರಿಂದ ಸರಳನ್ನು ವೈಸಿಗೆ ಕಚ್ಚಿಸಿ, ಹೊಸ ಬ್ಲೇಡು ಹಾಕಿದ ಹ್ಯಾಕ್ಸಾವನ್ನು ಅದರ ಮೇಲಿಟ್ಟು ಎಳೆದೆ. ಗಾಜಿನ ಮೇಲೆ ಎಳೆದಂತೆ ಜಾರಿತು. ಹತ್ತು ಸಲ ಎಳೆದ ಮೇಲೆ ನೋಡಿದರೆ ಸರಳಿನ ಮೇಲೆ ಕೂದಲಿನಂಥ ಒಂದು ಗೆರೆ ಇತ್ತು, ಬ್ಲೇಡಿನಲ್ಲಿ ಎರಡಂಗುಲದಷ್ಟು ಉದ್ದಕ್ಕೆ ಹಲ್ಲೇ ಇರಲಿಲ್ಲ.

ಇದಕ್ಕೆ ಕಾರಣ ಸರಳವಾದದ್ದು. ಇಂಥ ಸರಳಿನ ಹೊರಮೈಯ ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ 60ರ ಆಸುಪಾಸಿನಲ್ಲಿರುತ್ತದೆ, ಹೈಸ್ಪೀಡ್ ಉಕ್ಕಿನ ಬ್ಲೇಡಿನ ಹಲ್ಲು 63ರಿಂದ 65ರಷ್ಟು ಇರುತ್ತದೆ. ಒಂದು ಇನ್ನೊಂದನ್ನು ಕತ್ತರಿಸಬೇಕಾದರೆ ಎರಡರ ನಡುವೆ ಒಳ್ಳೆಯ ಅಂತರ ಇರಬೇಕು, ಇಲ್ಲಿ ಅದು ಇಲ್ಲವೆಂದೇ ಹೇಳಬೇಕು. ಈ ಅಳತೆ ಹುಟ್ಟಿದ್ದೂ ಬೇರಿಂಗಿನ ಕೆಲಸದಿಂದಲೇ ಎಂಬುದು ನನಗೆ ಇಷ್ಟವಾದ ಸಂಗತಿ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಬಾಲ್ ಬೇರಿಂಗ್ ತಯಾರಿಸುವ ಕಾರ್ಖಾನೆಯಲ್ಲಿದ್ದ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ ಎಂಬ ಇಬ್ಬರು, ಬೇರಿಂಗಿನ ಬಳೆಗಳ ಹದ ಸರಿಯಾಗಿ ಬಂದಿದೆಯೇ ಎಂದು ಬೇಗ ತಿಳಿಯುವುದಕ್ಕಾಗಿ ಇದನ್ನು ರೂಪಿಸಿ 1914ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1919ರಲ್ಲಿ ಪೇಟೆಂಟ್ ಸಿಕ್ಕಿತು. ನನ್ನಂಥವರ ಶೆಡ್ಡಿನಲ್ಲಿ ಆ ಯಂತ್ರ ಇರುವುದಿಲ್ಲ. ಒಂದು ಒಳ್ಳೆಯ ಅರ ಸಾಕು. ಅರ ಕಚ್ಚಿದರೆ ಉಕ್ಕು ಮೆದು, ಕಚ್ಚದೆ ಜಾರಿದರೆ ಅದು ಗಡುಸು. ಬ್ಲೇಡು ಹಾಳು ಮಾಡಿಕೊಳ್ಳುವ ಮೊದಲು ಅಷ್ಟು ನೋಡಿಕೊಳ್ಳಬೇಕಿತ್ತು.

ಹ್ಯಾಕ್ಸಾ ಆಗದಿದ್ದಾಗ ಕೈಗ್ರೈಂಡರ್ ತೆಗೆದುಕೊಂಡೆ. ನಾಲ್ಕಿಂಚಿನ ಕಟಿಂಗ್ ವೀಲ್ ಹಾಕಿ, ಸರಳಿನ ಮೇಲೆ ಒತ್ತಿ ಹಿಡಿದು, ಒಂದೇ ಏಟಿಗೆ ಮೇಲಿನಿಂದ ಕೆಳಗಿನವರೆಗೂ ಕತ್ತರಿಸಿದೆ. ಅರ್ಧ ನಿಮಿಷವೂ ಬೇಕಾಗಲಿಲ್ಲ. ಕಿಡಿಗಳ ಜಡಿಮಳೆ ನಿಂತ ಮೇಲೆ ತುದಿಯನ್ನು ನೋಡಿದರೆ ನಾನು ಮೇಲೆ ಹೇಳಿದ ನವಿಲಿನ ಬಣ್ಣಗಳೆಲ್ಲ ಮೂಡಿದ್ದವು. ಕಡಿದ ಮುಖ ಕಣ್ಣಿಗೆ ಕಾಣುವಷ್ಟು ಓರೆಯಾಗಿತ್ತು, ಕೆಳಗಿನ ಅಂಚಿನಲ್ಲಿ ಉಗುರಿನಂತೆ ಒಂದು ಸಿಬಿರು ಎದ್ದಿತ್ತು. ಅವಸರದಲ್ಲಿ ಅದರ ಮೇಲೇ ಬೇರಿಂಗನ್ನು ತೂರಿಸಿದೆ. ಒಳಗಿನ ಗುಂಡುಗಳಲ್ಲಿ ಮೂರು ಹೊರಬಿದ್ದು ನೆಲದ ಮೇಲೆ ಉರುಳಿಕೊಂಡು ಹೋದವು. ಸಾಸಿವೆಗಿಂತ ಸ್ವಲ್ಪ ಹಿರಿದಾದ ಆ ಗುಂಡುಗಳನ್ನು ಹುಡುಕಿದ್ದು ವ್ಯರ್ಥವಾಯಿತು, ಬೇರಿಂಗೂ ಹೋಯಿತು.

ಮಾರನೆಯ ವಾರ ಆ ಸರಳನ್ನು ಹಿಡಿದುಕೊಂಡು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಗ್ರೈಂಡಿಂಗ್ ಕೆಲಸ ಮಾಡಿಕೊಡುವ ಒಬ್ಬ ಹಿರಿಯರ ಬಳಿಗೆ ಹೋದೆ. ಅವರು ತುದಿಯನ್ನು ಬೆಳಕಿಗೆ ಹಿಡಿದು ನೋಡಿ, "ಸಾರ್, ಇದನ್ನ ಕುಯ್ಯಕ್ಕೆ ಹೋಗಬಾರದು. ತೇಯಬೇಕು, ಗಂಧ ತೇಯ್ತಾರಲ್ಲ ಹಾಗೆ. ನೀವು ಕೊಯ್ದುಬಿಟ್ಟಿದ್ದೀರ," ಎಂದರು. ನಾನು ಬಳಸಿದ್ದೂ ಗ್ರೈಂಡರನ್ನೇ ಅಲ್ಲವೇ ಎಂದು ಕೇಳಿದೆ. "ಮಿಷಿನ್ ಅದೇ ಸಾರ್, ಕೈ ಕೊಯ್ಯೋ ಕೈ," ಎಂದು ಹೇಳಿ ಚಹಾ ತರಿಸಿದರು.

ಆ ಮಾತಿನ ಅರ್ಥ ಪೂರ್ತಿ ತಿಳಿಯಲು ನನಗೆ ಕೆಲವು ತಿಂಗಳು ಬೇಕಾಯಿತು. ಕಟಿಂಗ್ ವೀಲ್ ಎಂಬ ಹೆಸರು ದಾರಿ ತಪ್ಪಿಸುತ್ತದೆ. ಅದು ಅಲ್ಯುಮಿನಿಯಂ ಆಕ್ಸೈಡಿನ ಹರಳುಗಳನ್ನು ರಾಳದಲ್ಲಿ ಅಂಟಿಸಿ, ಗಾಜಿನ ನೂಲಿನ ಬಲೆ ಸೇರಿಸಿ ಮಾಡಿದ ಬಿಲ್ಲೆ. ಗಡಸುತನದ ಇನ್ನೊಂದು ಅಳತೆಯಾದ ವಿಕರ್ಸ್‌ನಲ್ಲಿ ನಮ್ಮ ಸರಳು 700ರಷ್ಟಿದ್ದರೆ ಆ ಹರಳು ಸುಮಾರು 2000 ಇರುತ್ತದೆ. ಹ್ಯಾಕ್ಸಾಕ್ಕೆ ಇಲ್ಲದಿದ್ದ ಅಂತರ ಇಲ್ಲಿದೆ. ಪ್ರತಿಯೊಂದು ಹರಳೂ ಕಣ್ಣಿಗೆ ಕಾಣದಷ್ಟು ಸಣ್ಣ ಚೂರೊಂದನ್ನು ಕೆರೆದು ಹೋಗುತ್ತದೆ, ಹಾಗೆ ಕೆರೆಯುತ್ತ ಮೊಂಡಾದಾಗ ರಾಳದಿಂದ ಕಳಚಿ ಬಿದ್ದು ಹಿಂದಿನ ಹೊಸ ಹರಳಿಗೆ ಜಾಗ ಬಿಡುತ್ತದೆ. ಮೊಂಡಾದ ಹರಳು ಬೀಳದೆ ಕಚ್ಚಿಕೊಂಡಿದ್ದರೆ ಅದು ಕೆರೆಯುವುದನ್ನು ಬಿಟ್ಟು ಬರಿದೇ ಉಜ್ಜುತ್ತದೆ, ಉಜ್ಜಿದಷ್ಟೂ ಬಿಸಿ ಹುಟ್ಟುತ್ತದೆ. ಗಡುಸಾದ ಲೋಹಕ್ಕೆ ಮೆದುವಾದ ವೀಲ್ ಬೇಕು ಎಂದು ಗ್ರೈಂಡಿಂಗ್ ಕೆಲಸದವರು ಹೇಳುವುದು ಇದಕ್ಕಾಗಿಯೇ. ಮೆದು ಎಂದರೆ ಹರಳು ಮೆದು ಎಂದಲ್ಲ, ಅದನ್ನು ಹಿಡಿದಿರುವ ಅಂಟಿನ ಹಿಡಿತ ಸಡಿಲ ಎಂದು. ಬಿಲ್ಲೆ ಬೇಗ ಸವೆಯಿತೆಂದು ಗೊಣಗುವ ಬದಲು ಸರಳಿನ ಪಾಲಿನ ಬಿಸಿಯನ್ನು ಅದು ತಾನು ಸವೆದು ತಡೆಯಿತೆಂದು ತಿಳಿಯುವುದು ಒಳ್ಳೆಯದು. ಇನ್ನೂ ಗಡುಸಾದ ವಜ್ರವೇ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ವಜ್ರ ಇಂಗಾಲ, ಹೆಚ್ಚಿನ ಬಿಸಿಯಲ್ಲಿ ಕಬ್ಬಿಣ ಇಂಗಾಲವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಆದ್ದರಿಂದ ವೇಗವಾಗಿ ತಿರುಗುವ ವಜ್ರದ ಬಿಲ್ಲೆ ಉಕ್ಕಿನ ಮೇಲೆ ಬೇಗ ಕೆಡುತ್ತದೆ. ಕೈಯಿಂದ ಉಜ್ಜುವ ವಜ್ರದ ಅರಕ್ಕೆ ಆ ತೊಂದರೆ ಇಲ್ಲ, ನಾನು ಕೊನೆಯ ಕೆಲಸಕ್ಕೆ ಅದನ್ನೇ ಬಳಸುತ್ತೇನೆ.

ಬಿಸಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಡೀ ಕೆಲಸದ ಗುಟ್ಟು ಇರುವುದು ಅಲ್ಲೇ. ನಮ್ಮ ಹಳ್ಳಿಯ ಕುಲುಮೆಯಲ್ಲಿ ಕುಡುಗೋಲಿಗೆ ಹದ ಹಾಕುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕೆಂಪಗೆ ಕಾದ ಬಾಯನ್ನು ನೀರಿಗೆ ಅದ್ದಿ ತೆಗೆದು, ಅದರ ಮೈಯನ್ನು ಕಲ್ಲಿನ ಚೂರಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಹಿಂಭಾಗದಲ್ಲಿ ಉಳಿದಿದ್ದ ಬಿಸಿ ಬಾಯಿಯ ಕಡೆಗೆ ಹರಿದು ಬರುವಾಗ ಬಣ್ಣ ಮೂಡುವುದನ್ನೇ ಕಾಯುತ್ತಿದ್ದರು. ಬೇಕಾದ ಬಣ್ಣ ಬಂದೊಡನೆ ಮತ್ತೆ ನೀರಿಗೆ. ಉಕ್ಕಿನ ಮೇಲಿನ ಆಕ್ಸೈಡ್ ಪೊರೆ ದಪ್ಪವಾಗುತ್ತ ಹೋದಂತೆ ಬೆಳಕು ಅದರಲ್ಲಿ ಬೇರೆ ಬೇರೆ ಬಣ್ಣವಾಗಿ ಕಾಣುತ್ತದೆ: ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಬಣ್ಣ, 250ಕ್ಕೆ ಕಂದು, 275ರ ಸುಮಾರಿಗೆ ನೇರಳೆ, 300ಕ್ಕೆ ನೀಲಿ. ಕಮ್ಮಾರ ಬೇಕೆಂದು ತರಿಸುವ ಬಣ್ಣವನ್ನು ನಾನು ಬೇಡದ ಕಡೆ ತರಿಸಿದ್ದೆ. ಬೇರಿಂಗ್ ಉಕ್ಕಿಗೆ ಕಾರ್ಖಾನೆಯಲ್ಲಿ ಹದ ಹಾಕುವಾಗ ಕೊನೆಯಲ್ಲಿ ಸಾಮಾನ್ಯವಾಗಿ 150ರಿಂದ 200 ಡಿಗ್ರಿಯವರೆಗೆ ಮಾತ್ರ ಕಾಯಿಸಿರುತ್ತಾರೆ. ಅದಕ್ಕಿಂತ ಮೇಲೆ ಹೋದಷ್ಟೂ ಗಡಸುತನ ಇಳಿಯುತ್ತದೆ, ಇಳಿದದ್ದು ತಣ್ಣಗಾದ ಮೇಲೆ ಮರಳಿ ಬರುವುದಿಲ್ಲ. ಎಮರಿ ಕಾಗದದಲ್ಲಿ ಉಜ್ಜಿ ನೀಲಿಯನ್ನು ಅಳಿಸಿಬಿಡಬಹುದು, ಆದರೆ ಅಳಿಸಿದ್ದು ಬಣ್ಣವನ್ನು ಮಾತ್ರ, ಕೆಳಗಿನ ಮೆತ್ತನೆಯ ಉಕ್ಕು ಹಾಗೇ ಇರುತ್ತದೆ. ಹಳೆಯ ಸಾಮಾನು ಕೊಳ್ಳುವಾಗ ತುದಿ ಅತಿಯಾಗಿ ಪಾಲಿಶ್ ಆಗಿದ್ದರೆ ನಾನು ಈಗ ಅರದಿಂದ ಒಮ್ಮೆ ಮುಟ್ಟಿ ನೋಡುತ್ತೇನೆ.

ಉಕ್ಕು, ಹದ, ಈ ಎರಡೂ ನಮ್ಮ ಮಾತುಗಳು. ದಕ್ಷಿಣ ಭಾರತದ ಮೂಸೆ ಉಕ್ಕನ್ನು ಇಂಗ್ಲಿಷರು ವೂಟ್ಸ್ ಎಂದು ಕರೆದದ್ದು ನಮ್ಮ ಉಕ್ಕು ಎಂಬ ಪದವನ್ನೇ ಕೇಳಿ ಬರೆದುಕೊಂಡದ್ದರಿಂದ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಹದ ಎಂಬ ಮಾತಿಗಂತೂ ಅನ್ನಕ್ಕೂ, ಮಣ್ಣಿಗೂ, ಪಾಕಕ್ಕೂ, ಕತ್ತಿಗೂ ಒಂದೇ ಬಳಕೆ ಇದೆ. ಮಿತಿಮೀರಿದರೆ ಹಿಂದಕ್ಕೆ ಬರಲಾಗದ ಸ್ಥಿತಿ ಎಂಬ ಅರ್ಥ ಆ ಪದದೊಳಗೇ ಇರುವುದರಿಂದ, ಈ ಕೆಲಸವನ್ನು ವಿವರಿಸುವಾಗ ನಾನು ಬೇರೆ ಪದವನ್ನು ಹುಡುಕುವುದಿಲ್ಲ.

ಇನ್ನು ಈಗ ನಾನು ಮಾಡುವ ರೀತಿ. ಮೊದಲು ಗುರುತು. ಗಟ್ಟಿ ಮೈಯ ಮೇಲೆ ಗೀರುಮೊಳೆ ಓಡುವುದಿಲ್ಲ, ಪೆನ್ನಿನಲ್ಲೇ ಬರೆಯಬೇಕು. ದುಂಡನೆಯ ಸರಳಿನ ಸುತ್ತ ನೇರವಾದ ಗೆರೆ ಎಳೆಯಲು ದಪ್ಪ ಕಾಗದದ ಒಂದು ಪಟ್ಟಿ ಸಾಕು. ಮದುವೆಯ ಕರೆಯೋಲೆಯ ಅಂಚನ್ನು ಎರಡು ಬೆರಳಗಲ ಕತ್ತರಿಸಿಟ್ಟುಕೊಂಡಿದ್ದೇನೆ. ಅದನ್ನು ಸರಳಿಗೆ ಬಿಗಿಯಾಗಿ ಎರಡು ಸುತ್ತು ಸುತ್ತಿದಾಗ ಮೇಲಿನ ಸುತ್ತಿನ ಅಂಚು ಕೆಳಗಿನ ಸುತ್ತಿನ ಅಂಚಿನ ಮೇಲೆ ಸರಿಯಾಗಿ ಕುಳಿತರೆ, ಆ ಅಂಚು ಸರಳಿಗೆ ಲಂಬವಾಗಿದೆ ಎಂದೇ ಅರ್ಥ. ಓರೆಯಾಗಿದ್ದರೆ ಅಂಚುಗಳು ಕೂಡುವುದಿಲ್ಲ. ಯಾವ ಮೂಲೆಮಟ್ಟವೂ ಇಲ್ಲದೆ ಸಿಗುವ ಈ ಗೆರೆಯನ್ನು ನಾನು ತುಂಬ ನಂಬುತ್ತೇನೆ.

ಗ್ರೈಂಡರನ್ನು ಕೈಯಲ್ಲಿ ಹಿಡಿಯುವುದನ್ನು ಬಿಟ್ಟಿದ್ದೇನೆ. ಅದನ್ನು ಕೀಲಿರುವ ಒಂದು ಸ್ಟ್ಯಾಂಡಿಗೆ ಬಿಗಿದು, ಬಿಲ್ಲೆ ಯಾವಾಗಲೂ ಒಂದೇ ಸಮತಲದಲ್ಲಿ ಇಳಿಯುವಂತೆ ಮಾಡಿಕೊಂಡಿದ್ದೇನೆ. ಸರಳು ವಿ ಆಕಾರದ ತೋಡಿನಲ್ಲಿ ಕೂರುತ್ತದೆ, ಅದರ ಹಿಂದಿನ ತುದಿಗೆ ಒಂದು ತಡೆ ಇದೆ. 1 ಮಿ.ಮೀ. ದಪ್ಪದ ಬಿಲ್ಲೆಯನ್ನೇ ಹಾಕುತ್ತೇನೆ, ತೆಳುವಾದಷ್ಟೂ ಕೆರೆಯಬೇಕಾದ ಉಕ್ಕು ಕಡಿಮೆ, ಬಿಸಿಯೂ ಕಡಿಮೆ. ತೆಳುವಾದ ಬಿಲ್ಲೆ ಒತ್ತಿದರೆ ಬಾಗುತ್ತದೆ, ಬಾಗಿದರೆ ಕಡಿತ ಓರೆಯಾಗುತ್ತದೆ, ಆದ್ದರಿಂದ ಒತ್ತುವಂತಿಲ್ಲ. ಗ್ರೈಂಡರಿನ ಭಾರವೇ ಸಾಕು. ನಿಮಿಷಕ್ಕೆ 11,000 ಸುತ್ತು ತಿರುಗುವ 100 ಮಿ.ಮೀ. ಬಿಲ್ಲೆಯ ಅಂಚು ಸೆಕೆಂಡಿಗೆ ಸುಮಾರು 58 ಮೀಟರ್ ವೇಗದಲ್ಲಿ, ಎಂದರೆ ಗಂಟೆಗೆ 200 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತದೆ. ಅದು ಒಡೆದರೆ ಚೂರುಗಳು ಅದೇ ವೇಗದಲ್ಲಿ ಹಾರುತ್ತವೆ. ದೊಡ್ಡ ಬಿಲ್ಲೆ ಹಾಕಲೆಂದು ಗಾರ್ಡು ಬಿಚ್ಚಿಟ್ಟ ಗ್ರೈಂಡರುಗಳನ್ನು ನಮ್ಮ ಬೀದಿಗಳ ವೆಲ್ಡಿಂಗ್ ಅಂಗಡಿಗಳಲ್ಲಿ ದಿನವೂ ನೋಡುತ್ತೇನೆ, ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ಬಿಲ್ಲೆಯ ನಡುವಿನ ಲೋಹದ ಬಳೆಯ ಮೇಲೆ ಸಾಮಾನ್ಯವಾಗಿ ತಿಂಗಳು, ವರ್ಷ ಅಚ್ಚಾಗಿರುತ್ತವೆ. ರಾಳದ ಅಂಟು ತೇವಕ್ಕೆ ಕೆಡುವುದರಿಂದ ಆ ದಿನಾಂಕ ಮೀರಿದ್ದನ್ನು ನಾನು ಬಳಸುವುದಿಲ್ಲ. ಕಿಡಿ ಹಾರುವ ದಿಕ್ಕಿನಲ್ಲಿ ನಿಂತಿರುವ ಸ್ಕೂಟರನ್ನು ಹೊರಗೆ ತಳ್ಳಿ, ಮುಖಕ್ಕೆ ಪೂರ್ಣ ಪರದೆ ಹಾಕಿಕೊಂಡ ಮೇಲೆಯೇ ಸ್ವಿಚ್ಚು.

ಈಗ ಮುಖ್ಯವಾದ ಸಂಗತಿ. ಮೇಲಿನಿಂದ ಕೆಳಗಿನವರೆಗೂ ಒಂದೇ ದಿಕ್ಕಿನಿಂದ ಕಡಿದರೆ, ಬಿಲ್ಲೆ ಅರ್ಧ ಡಿಗ್ರಿ ವಾಲಿದ್ದರೂ ಆ ಓರೆ ಹಾಗೆಯೇ ಮುಖಕ್ಕೆ ಬರುತ್ತದೆ. ಅರ್ಧ ಡಿಗ್ರಿ ಎಂದರೆ 12 ಮಿ.ಮೀ. ಅಗಲದಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಕಣ್ಣಿಗೆ ಅಷ್ಟಾಗಿ ಕಾಣದು. ಆದರೆ 400 ಮಿ.ಮೀ. ಸರಳನ್ನು ಆ ಮುಖದ ಮೇಲೆ ನಿಲ್ಲಿಸಿದರೆ ಮೇಲಿನ ತುದಿ ಮೂರೂವರೆ ಮಿಲಿಮೀಟರ್ ಪಕ್ಕಕ್ಕೆ ವಾಲುತ್ತದೆ. ಇದನ್ನು ತಪ್ಪಿಸಲು ಬಿಲ್ಲೆಯನ್ನು ಇನ್ನಷ್ಟು ನಿಖರವಾಗಿ ನಿಲ್ಲಿಸಬೇಕೆಂದು ನಾನು ಬಹಳ ದಿನ ಒದ್ದಾಡಿದೆ. ಮಾಡಬೇಕಾದದ್ದು ಸರಳನ್ನು ತಿರುಗಿಸುವುದಾಗಿತ್ತು. ಎರಡು ಮೂರು ಸೆಕೆಂಡು ಬಿಲ್ಲೆಯನ್ನು ತಾಗಿಸಿ ಒಂದೂವರೆ ಮಿಲಿಮೀಟರಿನಷ್ಟು ಆಳಕ್ಕೆ ಇಳಿಸಿ, ಎತ್ತಿ, ಗ್ರೈಂಡರ್ ನಿಲ್ಲಿಸಿ, ಬಿಗಿತ ಸಡಿಲಿಸಿ, ಸರಳನ್ನು ಸುತ್ತಿನ ಎಂಟನೆಯ ಒಂದು ಭಾಗ ತಿರುಗಿಸಿ, ಹಿಂದಿನ ತಡೆಗೆ ಒತ್ತಿ ಮತ್ತೆ ಬಿಗಿಯುತ್ತೇನೆ. ಹೀಗೆ ಸುತ್ತಲೂ ಒಂದು ಕಾಲುವೆ ಆಗುತ್ತದೆ. ಎಲ್ಲ ದಿಕ್ಕಿನಿಂದಲೂ ಒಂದೇ ವಾಲು ಬಂದಾಗ ಆ ವಾಲು ಓರೆಯಾಗಿ ಉಳಿಯಲಾರದು, ಅದು ನಡುವಿನ ಸುತ್ತ ಸಮನಾಗಿ ಹಂಚಿಹೋಗುತ್ತದೆ. ಕಡಿದ ಎರಡು ಮುಖಗಳಲ್ಲಿ ಒಂದು ತಟ್ಟೆಯಂತೆ ತುಸು ತಗ್ಗಾಗುತ್ತದೆ, ಇನ್ನೊಂದು ಮುಚ್ಚಳದಂತೆ ತುಸು ಉಬ್ಬುತ್ತದೆ. ತಟ್ಟೆಯಂಥ ಮುಖ ತನ್ನ ಅಂಚಿನ ಮೇಲೆ ನೆಟ್ಟಗೆ ನಿಲ್ಲುತ್ತದೆ, ಉಬ್ಬಿದ್ದು ಅಲ್ಲಾಡುತ್ತದೆ. ಆದ್ದರಿಂದ ಬಿಲ್ಲೆಯ ವಾಲು ಯಾವ ಕಡೆಗಿದೆ ಎಂದು ಒಂದು ಬೇಡದ ತುಂಡಿನಲ್ಲಿ ನೋಡಿಕೊಂಡು, ನನಗೆ ಬೇಕಾದ ತುಂಡನ್ನು ತಟ್ಟೆಯ ಕಡೆಗೆ ಇಡುತ್ತೇನೆ. ಈ ಒಂದು ಉಪಾಯ ತಿಳಿದ ದಿನ ನನಗಾದ ಸಂತೋಷವನ್ನು ಮನೆಯವರಿಗೆ ವಿವರಿಸಲು ಚಪಾತಿ ಲಟ್ಟಣಿಗೆ, ಚಾಕು ಎರಡನ್ನೂ ಊಟದ ಮೇಜಿಗೆ ತರಬೇಕಾಯಿತು.

ಇಂಥ ಸರಳುಗಳ ಗಟ್ಟಿತನ ಮೈಯ ಚರ್ಮದಲ್ಲಿ ಮಾತ್ರ ಇರುತ್ತದೆ. ವಿದ್ಯುತ್ ಸುರುಳಿಯಿಂದ ಹೊರಮೈಯನ್ನಷ್ಟೇ ಕ್ಷಣಾರ್ಧದಲ್ಲಿ ಕಾಯಿಸಿ ತಣಿಸುವುದರಿಂದ ಈ ದಪ್ಪದ ಸರಳಿನಲ್ಲಿ ಸುಮಾರು ಒಂದು ಮಿಲಿಮೀಟರ್ ಆಳದವರೆಗೆ ಗಡುಸು, ಒಳಗಿನ ತಿರುಳು ಮೆದು. ಕಾಲುವೆ ಆ ಚರ್ಮವನ್ನು ದಾಟಿದ ಮೇಲೆ ಬೇಡದ ತುಂಡಿನ ಕಡೆಗೆ ಅದನ್ನು ಇನ್ನಷ್ಟು ಅಗಲ ಮಾಡಿ, ತಿರುಳನ್ನು ಹ್ಯಾಕ್ಸಾದಿಂದಲೇ ಕುಯ್ಯುತ್ತೇನೆ. ಮೊದಲ ದಿನ ಹಲ್ಲು ಕಳೆದುಕೊಂಡ ಅದೇ ಜಾತಿಯ ಬ್ಲೇಡು ಇಲ್ಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಬಿಸಿಯ ಮಾತೇ ಇಲ್ಲ. ಯಂತ್ರದ ಭಾಗಗಳನ್ನು ಕೂಡಿಸುವ ಡೋವೆಲ್ ಪಿನ್, ಡ್ರಿಲ್ ಬಿಟ್ಟಿನಂಥವು ಸಾಮಾನ್ಯವಾಗಿ ತಿರುಳಿನವರೆಗೂ ಗಡುಸಾಗಿರುವುದರಿಂದ ಅವಕ್ಕೆ ಈ ದಾರಿ ಆಗದು, ನಡುವಿನವರೆಗೂ ತಾಳ್ಮೆಯಿಂದ ತೇಯಲೇಬೇಕು.

ತಾಗಿಸುವುದು ಎರಡು ಮೂರು ಸೆಕೆಂಡು, ಬಿಡುವು ಅದರ ಎರಡರಷ್ಟು. ಕಡಿತದ ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿರುತ್ತೇನೆ, ಆದರೆ ವಿದ್ಯುತ್ ಗ್ರೈಂಡರಿನ ಹತ್ತಿರ ನೀರು ಸುರಿಯುವುದಿಲ್ಲ. ಗ್ರೈಂಡರ್ ನಿಂತ ಮೇಲೆ ಕಡಿತದಿಂದ ಒಂದಂಗುಲ ದೂರದಲ್ಲಿ ಬರಿಗೈಯಿಂದ ಮುಟ್ಟಿ ನೋಡುತ್ತೇನೆ. ಕೈ ಇಡಲಾಗದಷ್ಟು ಬಿಸಿ ಎನಿಸಿದರೆ ಕಾಯುತ್ತೇನೆ. ಬಣ್ಣ ಮೂಡುವ ಬಿಸಿಗೂ ಕೈ ತಾಳದ ಬಿಸಿಗೂ ನಡುವೆ ನೂರು ಡಿಗ್ರಿಗಿಂತ ಹೆಚ್ಚಿನ ಅಂತರವಿದೆ, ಆ ಅಂತರದಲ್ಲಿ ಸರಳು ಕ್ಷೇಮವಾಗಿರುತ್ತದೆ.

ಕಡಿದ ಮುಖವನ್ನು ಹಸನು ಮಾಡುವುದಕ್ಕೂ ಅದೇ ತಿರುಗಿಸುವ ತತ್ತ್ವ. ನಿಮಿಷಕ್ಕೆ 1440 ಸುತ್ತಿನ ಹಳೆಯ ಮೋಟಾರಿಗೆ ಅಲ್ಯುಮಿನಿಯಂ ತಟ್ಟೆಯೊಂದನ್ನು ಹಾಕಿ ಅದರ ಮೇಲೆ 120ರ ಎಮರಿ ಕಾಗದ ಅಂಟಿಸಿದ್ದೇನೆ. ಸರಳನ್ನು ವಿ ತೋಡಿನಲ್ಲಿ ಜಾರಿಸಿ, ತಟ್ಟೆಯ ಅಂಚು ಸರಳಿನ ನಡುವನ್ನು ಕೂದಲೆಳೆಯಷ್ಟೇ ದಾಟುವಂತೆ ಇಟ್ಟು, ಬೆರಳುಗಳಿಂದ ನಿಧಾನವಾಗಿ ತಿರುಗಿಸುತ್ತ ತಾಗಿಸಿದರೆ ಗೀರುಗಳು ನಡುವಿನಿಂದ ಅಂಚಿಗೆ ಸೂರ್ಯನ ಕಿರಣಗಳಂತೆ ಹರಡಿಕೊಳ್ಳುತ್ತವೆ. ಆಮೇಲೆ ಅಂಚಿನ ಸಿಬಿರು ತೆಗೆದು, ವಜ್ರದ ಅರದಿಂದ ಸುತ್ತಲೂ ಇಳಿಜಾರು ಕೊಡುತ್ತೇನೆ. ಬೇರಿಂಗಿನ ಗುಂಡುಗಳು ಮೊದಲು ಮುಟ್ಟುವುದು ಆ ಇಳಿಜಾರನ್ನೇ. ಕೊನೆಗೆ ಸೀಮೆಎಣ್ಣೆಯಲ್ಲಿ ತೊಳೆಯುವುದು. ಒಂದೇ ಒಂದು ಹರಳು ಬೇರಿಂಗಿನೊಳಗೆ ಸೇರಿದರೂ ಅದು ಸರಳಿನ ಮೈಮೇಲೆ ಗೆರೆ ಕೊರೆಯುತ್ತಲೇ ಇರುತ್ತದೆ.

ಎಲ್ಲ ತುದಿಗೂ ಇಷ್ಟು ಬೇಕೇ ಎಂದರೆ ಬೇಡ. ಸರಳನ್ನು ಪಕ್ಕದಿಂದ ಹಿಡಿಕೆಯಲ್ಲಿ ಬಿಗಿಯುವುದಾದರೆ ಮುಖ ಸ್ವಲ್ಪ ಓರೆಯಿದ್ದರೂ ನಡೆಯುತ್ತದೆ, ಹದ ಮತ್ತು ಇಳಿಜಾರು ಸರಿಯಿದ್ದರೆ ಸಾಕು. ನನ್ನ ಯಂತ್ರದಲ್ಲಿ ಸರಳುಗಳು ತಳದ ಹಲಗೆಯ ಮೇಲೆ ತಮ್ಮ ಮುಖದ ಮೇಲೆಯೇ ನಿಂತು, ತಿರುಳಿನಲ್ಲಿ ತಿರುಪು ಕೂರುವ ಸುತ್ತುಗೆರೆ (ಮರೆ) ಕೊರೆದು ಕೆಳಗಿನಿಂದ ತಿರುಪು ಹಾಕುವ ಬಗೆಯವು. ಅಲ್ಲಿ ಮುಖದ ಓರೆಯೇ ಯಂತ್ರದ ಓರೆ.

ಎರಡನೆಯ ಸಲ ತಂದ ಸರಳಿನಿಂದ ತೆಗೆದ ಎರಡು ತುಂಡುಗಳನ್ನು ದಪ್ಪ ಗಾಜಿನ ಹಲಗೆಯ ಮೇಲೆ ನಿಲ್ಲಿಸಿ, ಮೂಲೆಮಟ್ಟವನ್ನು ಪಕ್ಕಕ್ಕೆ ತಂದು ಹಿಂದಿನಿಂದ ಟಾರ್ಚು ಹಿಡಿದೆ. ಮೊದಲನೆಯದರಲ್ಲಿ ಮೇಲಿನವರೆಗೂ ಬೆಳಕು ಕಾಣಲಿಲ್ಲ. ಎರಡನೆಯದರಲ್ಲಿ ಮೇಲ್ಗಡೆ ನೂಲಿಗಿಂತ ತೆಳುವಾದ ಬೆಳಕಿನ ಸೀಳು ಕಂಡಿತು. ಸರಳನ್ನು ನಿಂತಲ್ಲೇ ಅರ್ಧ ಸುತ್ತು ತಿರುಗಿಸಿ ನೋಡಿದೆ. ತಪ್ಪು ಸರಳಿನದಾಗಿದ್ದರೆ ಸೀಳು ಈಗ ಕೆಳಗಡೆಗೆ ಬರಬೇಕಿತ್ತು, ಅದು ಮೇಲೆಯೇ ಉಳಿದದ್ದರಿಂದ ತಪ್ಪು ನನ್ನ ಮೂಲೆಮಟ್ಟ ಗಾಜಿನ ಮೇಲೆ ಕುಳಿತ ರೀತಿಯಲ್ಲಿದೆ ಎಂದು ತಿಳಿಯಿತು. ಅದರ ಅಡಿಯಲ್ಲಿ ಎಮರಿಯ ಒಂದು ಕಣ ಸಿಕ್ಕಿಕೊಂಡಿತ್ತು. ಒರೆಸಿ ಇಟ್ಟಾಗ ಸೀಳು ಮುಚ್ಚಿಕೊಂಡಿತು. ಸರಳಿಗೆ ತೆಳುವಾಗಿ ಎಣ್ಣೆ ಸವರಿ ಬೇರಿಂಗನ್ನು ಮೇಲಿನ ತುದಿಗೆ ಇಟ್ಟು ಕೈಬಿಟ್ಟೆ. ತನ್ನ ಭಾರಕ್ಕೆ ತಾನೇ ಇಳಿದು, ಗಾಜಿನ ಮೇಲೆ ಟಕ್ಕೆಂದು ನಿಂತಿತು. ಉಳಿದ ಗೇಣುದ್ದದ ತುಂಡಿಗೆ ಉದ್ದ ಬರೆದ ಚೀಟಿ ಅಂಟಿಸಿ, ಎಣ್ಣೆ ಕಾಗದದಲ್ಲಿ ಸುತ್ತಿ ಕಿಟಕಿಯ ಕಟ್ಟೆಯ ಮೇಲೆ ಆ ನೀಲಿ ತುಂಡಿನ ಪಕ್ಕದಲ್ಲಿ ಇಟ್ಟೆ.